ಅಮೆರಿಕದಲ್ಲಿ ಎಚ್-1ಬಿ (ಕೆಲಸದ ವೀಸಾ)ಯಲ್ಲಿರುವವರು ಮಕ್ಕಳ ಕಾಲೇಜ್ ಫೀಸಿಗೆ ಏನು ಮಾಡುತ್ತೀರಿ?

ಪ್ಲೇನೋ, ಟೆಕ್ಸಸ್:
ಎಲ್ಲರಿಗೂ ನಮಸ್ಕಾರ. ಮಗಳು 11ನೇ ಕ್ಲಾಸ್, ಹುಟ್ಟಿದ್ದು ಹಾಸನದಲ್ಲಿ, ಎಚ್-1ಬಿಯವರ ಮಕ್ಕಳಿಗೆ ಕೊಡುವ ಎಚ್-4 ವೀಸಾ. ಮಗ 9ನೇ ಕ್ಲಾಸ್, ಇಲ್ಲೇ ಹುಟ್ಟಿದವನು. ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿದೆ, ಗ್ರೀನ್ ಕಾರ್ಡ್ ಯಾವಾಗಲೋ ದೇವರೇ ಬಲ್ಲ. ಸ್ಕೂಲಿನ ಕೌನ್ಸೆಲರ್ ಫ್ಯಾಫ್ಸಾ (ಕಾಲೇಜ್ ಖರ್ಚಿಗೆ ಫೆಡರಲ್ ನೆರವು ಕೇಳುವ ಅರ್ಜಿ) ತುಂಬಿ ಅನ್ನುತ್ತಾರೆ. "ನಿಮ್ಮ ಸಂಬಳಕ್ಕೆ ಏನೂ ಸಿಗಲ್ಲ, ಸುಮ್ನೆ ಬಿಡಿ" ಅಂತ ಸ್ನೇಹಿತರು. ರಾತ್ರಿ ಲೆಕ್ಕ ಹಾಕುತ್ತಾ ಕೂತರೆ ನಿದ್ದೆಯೇ ಬರಲ್ಲ. ದಯವಿಟ್ಟು ಗೊತ್ತಿದ್ದವರು ಹೇಳಿ.

ಎಡಿಸನ್, ನ್ಯೂಜೆರ್ಸಿ:
ಅಕ್ಕಾ, ಇಬ್ಬರು ಮಕ್ಕಳ ಲೆಕ್ಕವೂ ಬೇರೆ ಬೇರೆ. ಫೆಡರಲ್ ನೆರವಿಗೆ ನೋಡೋದು ಮಕ್ಕಳ ಪೌರತ್ವವನ್ನು, ಅಪ್ಪ-ಅಮ್ಮನ ವೀಸಾವನ್ನಲ್ಲ. ಮಗ ಇಲ್ಲೇ ಹುಟ್ಟಿದ್ದರಿಂದ ಅಮೆರಿಕದ ಪ್ರಜೆ, ಹಾಗಾಗಿ ಅವನಿಗೆ ಧಾರಾಳವಾಗಿ ಫ್ಯಾಫ್ಸಾ ತುಂಬಬಹುದು. ಕಡಿಮೆ ಆದಾಯದವರಿಗೆ ಕೊಡುವ, ವಾಪಸ್ ಕಟ್ಟಬೇಕಿಲ್ಲದ ಪೆಲ್ ಗ್ರಾಂಟ್ ನಿಮಗೆ ಸಿಗಲಿಕ್ಕಿಲ್ಲ. ಆದರೆ ಅವನ ಹೆಸರಿನ ಫೆಡರಲ್ ಸಾಲಕ್ಕೆ ಆದಾಯದ ಮಿತಿ ಇಲ್ಲ, ಮೊದಲ ವರ್ಷ 5,500 ಡಾಲರ್ ವರೆಗೆ ಕೊಡುತ್ತಾರೆ. ಮಗಳಿಗೆ ಎಚ್-4 ಇರುವ ತನಕ ಫೆಡರಲ್ ನೆರವು ಇಲ್ಲ. ಟೆಕ್ಸಸ್‌ನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಎಚ್-4 ಮಕ್ಕಳಿಗೂ ಇನ್-ಸ್ಟೇಟ್ ಫೀಸ್ (ಆ ರಾಜ್ಯದವರಿಗಿರುವ ಕಡಿಮೆ ಫೀಸ್) ಸಿಗುತ್ತದೆ, ಅದನ್ನು ಮೊದಲು ವಿಚಾರಿಸಿ. 21 ತುಂಬಿದ ಮೇಲೆ ಎಚ್-4 ನಡೆಯಲ್ಲ, ಅದು ನೆನಪಿರಲಿ. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ನೆರವು ಕಳೆದು ನಿಮಗೆ ಬೀಳುವ ಖರ್ಚು ತೋರಿಸುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರುತ್ತದೆ. ಇವತ್ತೇ ಹಾಕಿ ನೋಡಿ.

ಸ್ಯಾನ್ ಹೋಸೆ:
ಏನೇ ಮಾಡಿ, ಸಾಲ ಮಾತ್ರ ಬೇಡ! 22 ವರ್ಷದ ಹುಡುಗಿಯ ತಲೆ ಮೇಲೆ ಯಾಕೆ ಹೊರೆ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಎರಡು ವರ್ಷ ಕಡಿಮೆ ಫೀಸಿನ ಕಮ್ಯುನಿಟಿ ಕಾಲೇಜ್, ಆಮೇಲೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್. ನನ್ನ ಮಗ ಹಾಗೇ ಯೂಸಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಹೋದ, ಇವತ್ತು ಒಳ್ಳೆ ಕೆಲಸದಲ್ಲಿದ್ದಾನೆ. ದೊಡ್ಡ ಹೆಸರಿನ ಕಾಲೇಜು ನಮ್ಮವರಿಗೆ ಒಂದು ಹುಚ್ಚು. ಮದುವೆಗೆ ಹೋದರೆ "ಮಗಳು ಎಲ್ಲಿ ಓದ್ತಾಳೆ" ಅಂತ ಕೇಳುತ್ತಾರಲ್ಲ, ಅದಕ್ಕೆ ಉತ್ತರ ಕೊಡೋಕೆ ದುಡ್ಡು ಸುರಿಯೋದು!

ಬಾಸ್ಟನ್:
ಸಾರ್, ಹಾಗೆ ಹೇಳಬೇಡಿ. ದೊಡ್ಡ ಕಾಲೇಜೇ ಎಷ್ಟೋ ಸಲ ಅಗ್ಗ. ಹಾರ್ವರ್ಡ್ 2025-26ರಿಂದ 2 ಲಕ್ಷ ಡಾಲರ್ ವರೆಗಿನ ಆದಾಯದವರಿಗೆ ಟ್ಯೂಷನ್ ಫೀಸ್ ಬೇಡ ಅಂದಿದೆ. ವೀಸಾದಲ್ಲಿರುವ ಮಕ್ಕಳಿಗೂ ಅದೇ ನೆರವು.

ಸ್ಯಾನ್ ಹೋಸೆ:
ಅಲ್ಲಿ ಸೀಟು ಸಿಗೋದು ಎಷ್ಟು ಜನಕ್ಕೆ? ಆಸೆ ಹುಟ್ಟಿಸಬೇಡಿ. ಸಾಲ ಬೇಡ, 401ಕೆ (ನಿವೃತ್ತಿಯ ಉಳಿತಾಯ) ಮುಟ್ಟಬೇಡಿ, ಅಷ್ಟೇ.

ಚಿಕಾಗೋ:
ನಾನು ಬೇರೆ ಮಾತು ಹೇಳುತ್ತೇನೆ. ಮಗಳ ಫೀಸಿಗೆ ಅಂತ ನಾವು ಊರಿಗೆ ಹೋಗೋದನ್ನೇ ನಿಲ್ಲಿಸಿದೆವು. ಆ ಹೊತ್ತಿಗೆ ಅಮ್ಮ ಹೋಗಿಬಿಟ್ಟರು. ಮಗಳು ಈಗ ಡಾಕ್ಟರು, ಅಜ್ಜಿಯ ಜೊತೆ ಕೂತು ಮಾತಾಡಿದ ನೆನಪು ಅವಳಿಗೆ ಇಲ್ಲ. ಬಜೆಟ್ ಮಾಡುವಾಗ ಊರಿನ ಟಿಕೆಟ್ ದುಡ್ಡನ್ನೂ ಎತ್ತಿಡಿ ತಂಗಿ.

ಅಟ್ಲಾಂಟಾ:
ನಿಜ ಅಮ್ಮ, ಓದಿ ಕಣ್ಣು ತುಂಬಿತು. ಸ್ಯಾನ್ ಹೋಸೆ ಸಾರ್ ಹೇಳಿದ್ದಕ್ಕೂ ನನ್ನ ಬೆಂಬಲ. ಸಾಲ ಬೇಡವೇ ಬೇಡ.

ಸಿಯಾಟಲ್:
ಪೂರ್ತಿ ಬೇಡ ಅನ್ನೋಕಾಗಲ್ಲ ಅಣ್ಣ. ಮಕ್ಕಳ ಫೆಡರಲ್ ಸಾಲ ಒಂದು, ಅಪ್ಪ-ಅಮ್ಮ ಮಾಡುವ ಪೇರೆಂಟ್ ಪ್ಲಸ್ ಅನ್ನೋ ಫೆಡರಲ್ ಸಾಲ ಇನ್ನೊಂದು, ಅದು ಎಚ್-1ಬಿಯಲ್ಲಿ ಇರುವ ತನಕ ಸಿಗಲ್ಲ, ಗ್ರೀನ್ ಕಾರ್ಡ್ ಬಂದ ಮೇಲೆ ಮಾತ್ರ. ಪ್ಲಸ್‌ಗೆ 2026ರ ಜುಲೈ 1ರಿಂದ ಮಿತಿ: ಒಂದು ಮಗುವಿಗೆ ವರ್ಷಕ್ಕೆ 20,000 ಡಾಲರ್, ಒಟ್ಟು 65,000. ಮಿಕ್ಕಿದ್ದನ್ನು ಎಲ್ಲಿಂದ ತರೋದು ಅಂತ ಈಗಲೇ ಯೋಚಿಸಬೇಕು.

ಸ್ಯಾನ್ ಹೋಸೆ:
ಅದಕ್ಕೇ ಹೇಳಿದ್ದು, ಕಮ್ಯುನಿಟಿ ಕಾಲೇಜ್!

ಪ್ಲೇನೋ, ಟೆಕ್ಸಸ್:
ಎಲ್ಲರಿಗೂ ತುಂಬಾ ಧನ್ಯವಾದ. ಎಡಿಸನ್‌ನವರೇ, ಒಂದು ಪ್ರಶ್ನೆ. ಹಾಸನದಲ್ಲಿ ಒಂದು ಸೈಟ್ ಇದೆ, ಬ್ಯಾಂಕಿನಲ್ಲಿ ಎಫ್‌ಡಿ ಇದೆ. ಮಗನ ಫ್ಯಾಫ್ಸಾದಲ್ಲಿ ಅದನ್ನೂ ತೋರಿಸಬೇಕಾ?

ಎಡಿಸನ್, ನ್ಯೂಜೆರ್ಸಿ:
ನಿಮ್ಮಿಬ್ಬರ ಹೆಸರಲ್ಲಿದ್ದರೆ ತೋರಿಸಲೇಬೇಕು ಅಕ್ಕಾ. ಮಾವನವರ ಹೆಸರಲ್ಲಿದ್ದರೆ ಬೇಡ. ನೀವು ವಾಸ ಇರುವ ಮನೆ, 401ಕೆ ಲೆಕ್ಕಕ್ಕೆ ಬರಲ್ಲ. ಅಪ್ಪ-ಅಮ್ಮನ ಆಸ್ತಿಯಲ್ಲಿ ಹೆಚ್ಚೆಂದರೆ 5.64% ಫೀಸಿಗೆ ಕೊಡಬಲ್ಲಿರಿ ಅಂತ ಹಿಡಿಯುತ್ತಾರೆ, ಮಗನ ಹೆಸರಲ್ಲಿದ್ದರೆ 20%. ಹಾಗಾಗಿ ಅವನ ಹೆಸರಿಗೆ ಎಫ್‌ಡಿ ಮಾಡಿಸಬೇಡಿ. ಮೊದಲ ವರ್ಷದ ಅರ್ಜಿಗೆ ನಿಮ್ಮ ಆದಾಯ ನೋಡೋದು ಅವನ 10ನೇ ಕ್ಲಾಸಿನ ಜನವರಿಯಿಂದ 11ನೇ ಕ್ಲಾಸಿನ ಡಿಸೆಂಬರ್‌ವರೆಗಿನದು. ಸೈಟ್ ಮಾರುವ ಯೋಚನೆ ಇದ್ದರೆ ಆ ವರ್ಷ ಬಿಟ್ಟು ಮಾರಿ. ರೂಪಾಯಿಯನ್ನು ಡಾಲರ್‌ಗೆ ತಿರುಗಿಸುವಾಗ ಅರ್ಜಿ ತುಂಬುವ ದಿನದ ರೇಟ್ ಹಾಕಿ.