ಸಹಾಯ ಬೇಕು: ಎಂಒಟಿ ಹಿಸ್ಟರಿಯಲ್ಲಿದ್ದ ಅಡ್ವೈಸರಿ ಈ ವರ್ಷ ಕಾಣ್ತಿಲ್ಲ

ಯುಕೆಯಲ್ಲಿ ಕಾರ್ ಕೆಲಸ ಬಲ್ಲವರು ದಯವಿಟ್ಟು ನೋಡಿ. 2016ರ ಜರ್ಮನ್ ಲಕ್ಷುರಿ ಸೆಡಾನ್, ಡೀಸೆಲ್, ಸೆಕೆಂಡ್ ಹ್ಯಾಂಡ್ ತಗೊಳ್ಳೋ ಯೋಚನೆ. ಸರ್ಕಾರದ ಸೈಟಲ್ಲಿ ನಂಬರ್ ಹಾಕಿ ಎಂಒಟಿ (ಯುಕೆಯ ವಾರ್ಷಿಕ ವಾಹನ ತಪಾಸಣೆ) ಹಿಸ್ಟರಿ ತೆಗೆದ್ರೆ ಸತತ ಎರಡು ವರ್ಷ ಒಂದೇ ಅಡ್ವೈಸರಿ (ಫೇಲ್ ಮಾಡದೆ ಬರೆಯೋ ಎಚ್ಚರಿಕೆ ಟಿಪ್ಪಣಿ): ಮುಂದಿನ ಎಡಗಡೆ ಲೋವರ್ ಆರ್ಮ್ (ಚಕ್ರವನ್ನ ಹಿಡಿದಿರೋ ಕೆಳಗಿನ ತೋಳು) ಬುಷ್, ಅಂದ್ರೆ ಅದರ ಕೀಲಿನ ರಬ್ಬರ್, ಸವೆದಿದೆ, ಆದ್ರೆ ಅಲುಗಾಟ ಮಿತಿ ಮೀರಿಲ್ಲ. ಈ ವರ್ಷ ಆ ಸಾಲೇ ಇಲ್ಲ, ಕ್ಲೀನ್ ಪಾಸ್.

ಸರ್ವಿಸ್ ಬಿಲ್ ಎಲ್ಲಾ ತಿರುವಿ ಹಾಕಿದ್ದಾಯ್ತು. ಟೈರು, ಬ್ರೇಕ್ ಪ್ಯಾಡ್ ಇದೆ. ಆರ್ಮ್ ಇಲ್ಲ, ವೀಲ್ ಅಲೈನ್‌ಮೆಂಟೂ ಇಲ್ಲ. ಆರ್ಮ್ ಬದಲಿಸಿದ್ರೆ ಅಲೈನ್‌ಮೆಂಟ್ ನೋಡಿಸಲೇಬೇಕಲ್ವಾ, ಅದಕ್ಕೇ ಬದಲಿಸಿಲ್ಲವೇನೋ ಅಂತ ಅನುಮಾನ. ಎಂಒಟಿ ಟೆಸ್ಟರ್ ಏನನ್ನೂ ಬಿಚ್ಚಿ ನೋಡಲ್ಲ. ಕೆಳಗಿನ ಪ್ಲಾಸ್ಟಿಕ್ ಕವರ್ ಮುಚ್ಚಿರೋ ಭಾಗ ಕಾಣಲ್ಲ. ಸ್ವಲ್ಪ ಸವೆತಕ್ಕೆ ಅಡ್ವೈಸರಿ ಬರೆಯೋದು ಬಿಡೋದು ಅವರವರ ವಿವೇಚನೆ. ಎಂಜಿನ್ ಲೈಟ್, ಏರ್‌ಬ್ಯಾಗ್ ಲೈಟ್ ಉರೀತಿದ್ರೆ ಅಂತೂ ಫೇಲ್ ಖಚಿತ, ಇದರಲ್ಲಿ ಎರಡೂ ಸರಿ ಇವೆ.

ಕೇಳಬೇಕಾದ್ದು ಇಷ್ಟೇ: ಲಿಫ್ಟ್ ಮೇಲೆ ಹಾಕಿಸಿದಾಗ ಬುಷ್ ಹೊಸದೋ ಹಳೇದೋ ಅಂತ ಯಾವ ಗುರುತಿಂದ ಹೇಳಬಹುದು? ಪ್ರೈ ಬಾರ್ (ಮೀಟೋ ಕಬ್ಬಿಣದ ಸಲಾಕೆ) ಹಾಕಿ ಅಲ್ಲಾಡಿಸಿದ್ರೆ ಸಾಕಾ, ಇಲ್ಲ ಕವರ್ ಬಿಚ್ಚಿಸಿ ರಬ್ಬರ್ ಸೀಳಿದೆಯಾ ಅಂತ ನೋಡಲೇಬೇಕಾ?