ಹುಳುಕಡ್ಡಿ, ಚಿಬ್ಬು, ಕೆಸರುಹುಣ್ಣು: ಚರ್ಮದ ಡಾಕ್ಟರಿಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 29 ವರ್ಷ, ಪೀಣ್ಯದ ಫ್ಯಾಕ್ಟರಿಯಲ್ಲಿ ಕೆಲಸ. ತೊಡೆಸಂದಿಯಲ್ಲಿ ಎಂಟು ತಿಂಗಳಿಂದ ಹುಳುಕಡ್ಡಿ ಇದೆ. ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬ್ ಹಚ್ಚಿದರೆ ಮೂರೇ ದಿನಕ್ಕೆ ತುರಿಕೆ ನಿಲ್ಲುತ್ತೆ. ಬಿಟ್ಟರೆ ವಾರದೊಳಗೆ ಮತ್ತೆ ಶುರು. ಈಗ ಸೊಂಟಕ್ಕೂ ಹಬ್ಬಿದೆ, ಹೆಂಡತಿಗೂ ಬಂದಿದೆ. ರಕ್ತ ಕೆಟ್ಟಿದೆ, ಬದನೆಕಾಯಿ ಬಿಡು ಅಂತಾರೆ ಮನೆಯಲ್ಲಿ. ನಿಜಾನಾ?

ಉತ್ತರ: ನಿಮ್ಮ ರಕ್ತ ಕೆಟ್ಟಿಲ್ಲ. ಹುಳುಕಡ್ಡಿ ಬರುವುದು ಫಂಗಸ್ಸಿನಿಂದ, ಅಂದರೆ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಯಿಂದ. ಬದನೆಕಾಯಿಗೂ ಇದಕ್ಕೂ ಸಂಬಂಧವಿಲ್ಲ, ತಿನ್ನಿ. ಈಗ ಆ ಟ್ಯೂಬ್ ಎತ್ತಿಕೊಂಡು ಅದರ ಮೇಲೆ ಸಣ್ಣ ಅಕ್ಷರದಲ್ಲಿ ಏನಿದೆ ಅಂತ ಓದಿ. ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್, ಇವುಗಳಲ್ಲಿ ಯಾವುದಾದರೂ ಒಂದು ಹೆಸರು ಇದೆಯಾ? ಇದ್ದರೆ ಅದು ಸ್ಟೀರಾಯ್ಡ್.

ಸ್ಟೀರಾಯ್ಡ್ ಹಚ್ಚಿದಾಗ ಚರ್ಮ ಫಂಗಸ್ ವಿರುದ್ಧ ಹೋರಾಡುವುದನ್ನೇ ನಿಲ್ಲಿಸುತ್ತದೆ. ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ. ವಾಸಿಯಾಯ್ತು ಅನ್ನಿಸುತ್ತದೆ. ಆದರೆ ಫಂಗಸ್ ಅಲ್ಲೇ ಇರುತ್ತದೆ, ಅಡ್ಡಿ ಮಾಡುವವರಿಲ್ಲದೆ ಹಬ್ಬುತ್ತದೆ. ನಿಮಗೆ ಆಗಿರುವುದು ಇದೇ ಅಂತ ಅನ್ನಿಸುತ್ತದೆ.

ಹುಳುಕಡ್ಡಿ ಗುರುತಿಸಲು ಅಂಚು ನೋಡಬೇಕು. ಈ ಫಂಗಸ್ ಚರ್ಮದ ಮೇಲ್ಪದರದ ಸತ್ತ ಭಾಗವನ್ನು ತಿಂದು ಬದುಕುತ್ತದೆ. ಒಂದು ಕಡೆ ಶುರುವಾಗಿ ಸುತ್ತಲೂ ಹೊರಗೆ ಸರಿಯುತ್ತದೆ. ಹಾಗಾಗಿ ಅಂಚು ಉಬ್ಬಿ, ಕೆಂಪಾಗಿ, ಹೊಟ್ಟು ಏಳುತ್ತಿರುತ್ತದೆ. ನಡುಭಾಗ ತಿಳಿಯಾಗಿರುತ್ತದೆ. ನಮ್ಮ ಕಂದು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣಿಸದು, ಕಂದು ಅಥವಾ ಕಪ್ಪು ಉಂಗುರದ ಹಾಗೆ ಕಾಣಬಹುದು. ಬೆರಳಿನಿಂದ ಸವರಿದರೆ ಅಂಚು ಕೈಗೆ ಸಿಗುತ್ತದೆ. ಸ್ಟೀರಾಯ್ಡ್ ಹಚ್ಚಿದವರಲ್ಲಿ ಮಾತ್ರ ಈ ಗುರುತು ಕೆಟ್ಟುಹೋಗಿರುತ್ತದೆ. ಉಂಗುರದೊಳಗೆ ಉಂಗುರ ಬರುತ್ತದೆ, ಅಥವಾ ಅಂಚೇ ಇರುವುದಿಲ್ಲ. ಆಗ ನೋಡಿದ ಡಾಕ್ಟರಿಗೂ ಅನುಮಾನ ಬರುತ್ತದೆ.

ಅದೇ ಸದಸ್ಯರು: ಓದಿದೆ ಮೇಡಂ. ಕ್ಲೋಬೆಟಾಸಾಲ್ ಅಂತಿದೆ, ಜೊತೆಗೆ ಇನ್ನೂ ಮೂರು ಹೆಸರು. ತೊಡೆಯಲ್ಲಿ ಉದ್ದುದ್ದ ಗೆರೆ ಬಿದ್ದಿವೆ. ಅದೂ ಫಂಗಸ್ಸಾ?

ಉತ್ತರ: ಅಲ್ಲ, ಅದು ಸ್ಟೀರಾಯ್ಡಿನಿಂದ ಚರ್ಮ ತೆಳುವಾಗಿ ಹರಿದ ಗುರುತು. ಬಣ್ಣ ಮಾಸುತ್ತದೆ, ಪೂರ್ತಿ ಹೋಗುವುದು ಕಷ್ಟ. ನನಗೆ ಬಹಳ ನೋವಾಗುವುದು ಇದನ್ನು ನೋಡಿದಾಗ. ಇಪ್ಪತ್ತರ ಹುಡುಗರ ತೊಡೆ ಮೇಲೆ, ಹೆಣ್ಣುಮಕ್ಕಳ ಮುಖದ ಮೇಲೆ ಈ ಟ್ಯೂಬ್‌ಗಳು ಮಾಡಿದ ಹಾನಿ ಪೂರ್ತಿ ಸರಿಹೋಗುವುದಿಲ್ಲ. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಕ್ರೀಮ್‌ಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಬಿಗಿ ಮಾಡಿತು. ಆದರೂ ಕೇಳಿದರೆ ಕೊಡುತ್ತಾರೆ. ದಯವಿಟ್ಟು ಕೇಳಬೇಡಿ.

ಈಗ ಟ್ಯೂಬ್ ನಿಲ್ಲಿಸಿದರೆ ಮೊದಲ ಕೆಲವು ದಿನ ತುರಿಕೆ ಜಾಸ್ತಿ ಆಗಬಹುದು. ಹೆದರಿ ಮತ್ತೆ ಹಚ್ಚಬೇಡಿ. ಚರ್ಮದ ಡಾಕ್ಟರನ್ನು ನೋಡಿ. ಇಷ್ಟು ಹಬ್ಬಿದ ಮೇಲೆ ಬರೀ ಕ್ರೀಮ್ ಸಾಲದು, ಮಾತ್ರೆ ಬೇಕಾಗುತ್ತದೆ. ನಮ್ಮ ದೇಶದಲ್ಲಿ ಈಗ ಹೆಚ್ಚು ಕಾಣುವ ಫಂಗಸ್ಸಿಗೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಅಂತ ಹೆಸರಿಟ್ಟರು. ಟರ್ಬಿನಾಫಿನ್ ಅನ್ನುವ ಹಳೆ ಮಾತ್ರೆಗೆ ಅದು ಎಷ್ಟೋ ಜನರಲ್ಲಿ ಬಗ್ಗುವುದಿಲ್ಲ. ಆದ್ದರಿಂದ ಪಕ್ಕದ ಮನೆಯವರಿಗೆ ಕೊಟ್ಟ ಮಾತ್ರೆ ನೀವು ನುಂಗಿ ಪ್ರಯೋಜನವಿಲ್ಲ. ಯಾವ ಮಾತ್ರೆ ಕೊಟ್ಟರೂ ತುರಿಕೆ ನಿಂತ ದಿನವೇ ಬಿಡಬೇಡಿ. ಡಾಕ್ಟರ್ ಬರೆದ ಕ್ರೀಮನ್ನು ಅಂಚಿನಿಂದ ಎರಡು ಬೆರಳು ಹೊರಗಿನವರೆಗೂ ಹಚ್ಚಿ. ಗುರುತು ಹೋದ ಮೇಲೂ ಎರಡು ವಾರವಾದರೂ ಮುಂದುವರಿಸಿ.

ಹೆಂಡತಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಓಡಾಡುತ್ತಲೇ ಇರುತ್ತದೆ. ಟವೆಲ್ ಬೇರೆ ಇರಲಿ. ಒಳಬಟ್ಟೆ ಬಿಸಿನೀರಲ್ಲಿ ಒಗೆದು, ತಿರುವಿ ಹಾಕಿ, ಬಿಸಿಲಲ್ಲಿ ಒಣಗಿಸಿ. ಫ್ಯಾಕ್ಟರಿಗೆ ಜೀನ್ಸ್ ಬೇಡ, ಸಡಿಲವಾದ ಕಾಟನ್ ಪ್ಯಾಂಟ್ ಸಾಕು. ಇನ್ನೊಂದು, ಉಡಿದಾರ ಕಟ್ಟಿದ್ದೀರಾ? ಬೆವರು ಕುಡಿದು ಸದಾ ಒದ್ದೆಯಾಗಿರುವ ಆ ದಾರ ಸೊಂಟದ ಫಂಗಸ್ಸಿಗೆ ಮನೆ. ವಾಸಿಯಾಗುವವರೆಗೆ ತೆಗೆದಿಡಿ. ಪೂಜೆ ಮಾಡಿ ಕಟ್ಟಿದ್ದು, ತೆಗೆಯೋಕಾಗಲ್ಲ ಅಂದರೆ ಹೊಸ ದಾರ ಹಾಕಿಕೊಳ್ಳಿ, ಆಗಾಗ ಬದಲಾಯಿಸಿ.

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ನಾಟಿ ಶುರುವಾದರೆ ಅಮ್ಮನಿಗೆ ಕಾಲ್ಬೆರಳ ಸಂದಿ ಕೊಳೆತ ಹಾಗೆ ಆಗುತ್ತೆ. ಪ್ರತಿ ವರ್ಷ ಇದೇ ಕತೆ. ಅವರಿಗೆ ಶುಗರ್ ಕೂಡ ಇದೆ.

ಉತ್ತರ: ಶುಗರ್ ಇದೆ ಅಂದಿರಲ್ಲ, ಅದಕ್ಕೇ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಸರುಹುಣ್ಣು ಹೆಚ್ಚಾಗಿ ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಯಲ್ಲಿ ಶುರುವಾಗುತ್ತದೆ. ಆ ಸಂದಿಗೆ ಗಾಳಿಯೇ ಆಡುವುದಿಲ್ಲ. ಚರ್ಮ ಬೆಳ್ಳಗೆ ನೆನೆದು, ಸಿಪ್ಪೆ ಏಳುತ್ತದೆ, ಕೆಳಗೆ ಹಸಿ ಗಾಯ, ಉರಿ. ಮೊದಲು ಫಂಗಸ್, ಆಮೇಲೆ ಆ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ. ಪಾದ ಊದಿಕೊಂಡು ಬಿಸಿಯಾದರೆ, ಕೆಂಪು ಮೇಲಕ್ಕೆ ಹತ್ತುತ್ತಿದ್ದರೆ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಗದ್ದೆಯಿಂದ ಬಂದ ಕೂಡಲೇ ಕಾಲು ತೊಳೆದು, ಪ್ರತಿ ಸಂದಿಗೂ ಹಳೆ ಕಾಟನ್ ಬಟ್ಟೆ ತೂರಿಸಿ ಒರೆಸಬೇಕು. ಈ ಒಂದು ಕೆಲಸದಿಂದ ಅರ್ಧ ತೊಂದರೆ ತಪ್ಪುತ್ತದೆ. ಒಣಗಿದ ಮೇಲೆ ಫಂಗಸ್ ಕೊಲ್ಲುವ ಕ್ಲೋಟ್ರಿಮಜೋಲ್ ಒಂದೇ ಇರುವ, ಸ್ಟೀರಾಯ್ಡ್ ಬೆರೆಸದ ಕ್ರೀಮ್ ದಿನಕ್ಕೆ ಎರಡು ಸಲ. ಸುಣ್ಣ, ಬ್ಯಾಟರಿ ಕಪ್ಪು, ಸೀಮೆಎಣ್ಣೆ ಬೇಡವೇ ಬೇಡ. ಶುಗರ್ ಇರುವವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆ ಇರಬಹುದು, ಸುಟ್ಟರೂ ಗೊತ್ತಾಗದು. ರಾತ್ರಿ ಟಾರ್ಚ್ ಹಿಡಿದು ಅಮ್ಮನ ಪಾದ ನೀವೇ ನೋಡಿ.

ಪ್ರಶ್ನೆ: ಮಗನಿಗೆ 17. ಎದೆ, ಬೆನ್ನ ಮೇಲೆ ಬಿಳಿ ಮಚ್ಚೆ. ತೊನ್ನು ಅಂತ ಅತ್ತೆ ಅಳ್ತಿದ್ದಾರೆ.

ಉತ್ತರ: ಅತ್ತೆಯವರಿಗೆ ಸಮಾಧಾನ ಹೇಳಿ. ನೀವು ಹೇಳಿದ ವಯಸ್ಸು, ಜಾಗ ನೋಡಿದರೆ ಚಿಬ್ಬು ಇರಬಹುದು. ಮಚ್ಚೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ, ಹಿಟ್ಟಿನಂಥ ಹೊಟ್ಟು ಬಂದರೆ ಚಿಬ್ಬು. ತೊನ್ನಿನಲ್ಲಿ ಹೊಟ್ಟು ಇರುವುದಿಲ್ಲ, ಬಣ್ಣವೂ ಹಾಲಿನಂತೆ ಅಚ್ಚ ಬಿಳುಪು. ಚಿಬ್ಬು ತರುವ ಮಲಸೀಜಿಯಾ ಅನ್ನುವ ಫಂಗಸ್ ಎಲ್ಲರ ಚರ್ಮದ ಮೇಲೂ ಇರುತ್ತದೆ. ಬೆವರು, ಎಣ್ಣೆ ಜಾಸ್ತಿಯಾದಾಗ ಬೆಳೆಯುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಕೀಟೊಕೊನಜೋಲ್ ಶಾಂಪೂ ಅಥವಾ ಕ್ರೀಮಿನಿಂದ ಫಂಗಸ್ ಬೇಗ ಸಾಯುತ್ತದೆ, ಬಣ್ಣ ತಿರುಗಲು ಮಾತ್ರ ತಿಂಗಳುಗಳು ಬೇಕು. ಔಷಧಿ ಕೆಲಸ ಮಾಡಲಿಲ್ಲ ಅಂದುಕೊಳ್ಳಬೇಡಿ.

ಒಂದು ಪರೀಕ್ಷೆ ಮಾತ್ರ ತಪ್ಪಿಸಬೇಡಿ. ಮಗ ಕಣ್ಣು ಮುಚ್ಚಿರಲಿ, ಹತ್ತಿಯ ಎಳೆಯಿಂದ ಮಚ್ಚೆಯನ್ನು ಮುಟ್ಟಿ. ಮುಟ್ಟಿದ್ದು ತಿಳಿಯದಿದ್ದರೆ ಅದು ಕುಷ್ಠ ಇರಬಹುದು. ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ, ಔಷಧಿ ಉಚಿತ, ಪೂರ್ತಿ ವಾಸಿಯಾಗುತ್ತದೆ.

ಪ್ರಶ್ನೆ (ಹೆಸರು ಬೇಡ ಅಂದವರು): ಬಿಳಿ ಹೋಗುತ್ತೆ, ತುಂಬಾ ತುರಿಕೆ. ಯಾರ ಹತ್ರ ಹೇಳೋದು ಅಂತ ಗೊತ್ತಾಗ್ತಿಲ್ಲ.

ಉತ್ತರ: ಇಲ್ಲಿ ಕೇಳಿದ್ದು ಒಳ್ಳೆಯದಾಯ್ತು. ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ, ಬಹಳಷ್ಟು ಹೆಂಗಸರಿಗೆ ಒಮ್ಮೆಯಾದರೂ ಬರುತ್ತದೆ. ಒಡೆದ ಹಾಲಿನ ಗಟ್ಟಿಯಂತೆ ಬಿಳಿ, ವಿಪರೀತ ತುರಿಕೆ, ಮೂತ್ರ ಮಾಡುವಾಗ ಉರಿ ಇದ್ದರೆ ಕ್ಯಾಂಡಿಡಾ ಅನ್ನುವ ಫಂಗಸ್ ಇರಬಹುದು. ಮೀನಿನ ವಾಸನೆ ಇದ್ದರೆ ಬೇರೆ ಸೋಂಕು, ಔಷಧಿಯೂ ಬೇರೆ. ಹೊಟ್ಟೆನೋವು, ಜ್ವರ ಇದ್ದರೆ ಕಾಯಬೇಡಿ. ಮೊದಲ ಸಲವಾದರೆ ಸ್ತ್ರೀರೋಗ ಡಾಕ್ಟರಿಗೆ ತೋರಿಸಿಯೇ ಔಷಧಿ ತೆಗೆದುಕೊಳ್ಳಿ. ಬಸುರಿ ಇದ್ದರೆ ಫ್ಲುಕೊನಜೋಲ್ ಮಾತ್ರೆಯನ್ನು ನೀವಾಗಿಯೇ ನುಂಗಬಾರದು. ಪದೇ ಪದೇ ಬರುತ್ತಿದ್ದರೆ ಶುಗರ್ ಟೆಸ್ಟ್ ಮಾಡಿಸಿ.

ಪ್ರಶ್ನೆ: ಕಾಲಿನ ಹೆಬ್ಬೆರಳ ಉಗುರು ಹಳದಿಯಾಗಿ ದಪ್ಪ ಆಗಿದೆ. ಮಾತ್ರೆ ಶುರು ಮಾಡಲಾ?

ಉತ್ತರ: ಪರೀಕ್ಷೆ ಮಾಡಿಸದೆ ಬೇಡ. ಸೋರಿಯಾಸಿಸ್ ಅನ್ನುವ ಚರ್ಮರೋಗ, ಶೂ ಒತ್ತುವುದು, ಇವುಗಳಿಂದಲೂ ಹಾಗೇ ಆಗುತ್ತದೆ. ಫಂಗಸ್ಸೇ ಆಗಿದ್ದರೂ ಹೊಸ ಉಗುರು ಪೂರ್ತಿ ಬರಲು ಒಂದು ವರ್ಷಕ್ಕೂ ಜಾಸ್ತಿ ಹಿಡಿಯುತ್ತದೆ.

ಮೊದಲ ಪ್ರಶ್ನೆ ಕೇಳಿದ ಸದಸ್ಯರು: ಸೋಮವಾರ ರಜೆ ಹಾಕಿ ಇಬ್ಬರೂ ಹೋಗ್ತಿದ್ದೀವಿ ಮೇಡಂ. ಏನು ಟೆಸ್ಟ್ ಮಾಡ್ತಾರೆ?

ಉತ್ತರ: ಬಹಳ ಸಂತೋಷ. ಅಂಚಿನಿಂದ ಸ್ವಲ್ಪ ಹೊಟ್ಟು ಕೆರೆದು, ಗಾಜಿನ ಮೇಲೆ ಇಟ್ಟು, ಕೆಒಎಚ್ ಅನ್ನುವ ದ್ರಾವಣದ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಚರ್ಮದ ಕೋಶ ಕರಗಿ ಫಂಗಸ್ಸಿನ ಎಳೆಗಳು ಕಾಣುತ್ತವೆ. ನೋವಿಲ್ಲ, ಖರ್ಚೂ ಕಡಿಮೆ. ಅಲ್ಲಿವರೆಗೆ ಕ್ರೀಮ್, ಪೌಡರ್, ಕೊಬ್ಬರಿ ಎಣ್ಣೆ ಏನೂ ಹಚ್ಚಬೇಡಿ. ಇದುವರೆಗೆ ಬಳಸಿದ ಟ್ಯೂಬ್‌ಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿ, ಖಾಲಿಯಾದವನ್ನೂ ಸೇರಿಸಿ. ಲಿವರ್ ತೊಂದರೆ, ಹೃದಯದ ತೊಂದರೆ ಇದ್ದರೆ, ಬೇರೆ ಮಾತ್ರೆ ನುಂಗುತ್ತಿದ್ದರೆ, ಹೆಂಡತಿ ಬಸುರಿಯಾಗಿದ್ದರೆ ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ.