ಸಣ್ಣ ಸೆನ್ಸರ್ ಕ್ಯಾಮೆರಾದಲ್ಲಿ ಎಫ್/8 ಇಟ್ಟರೆ ಫೋಟೊ ಮಂಕಾಗೋದು ಯಾಕೆ?

ಪ್ರಶ್ನೆ (ಗಂಗಾವತಿ): 1/2.3 ಇಂಚು ಸೆನ್ಸರಿನ 16 ಮೆಗಾಪಿಕ್ಸೆಲ್ ಬ್ರಿಡ್ಜ್ ಕ್ಯಾಮೆರಾ (ಲೆನ್ಸ್ ಬದಲಿಸೋಕಾಗದ, ದೊಡ್ಡ ಜೂಮಿನದು). ಆನೆಗೊಂದಿಯಲ್ಲಿ ಎದುರಿನ ಬಂಡೆಯಿಂದ ಅಂಜನಾದ್ರಿ ಬೆಟ್ಟದ ತನಕ ಶಾರ್ಪ್ ಬರಲಿ ಅಂತ ಅಪರ್ಚರ್ (ಲೆನ್ಸಿನ ಬೆಳಕಿನ ತೂತು) ಕಿರಿದು ಮಾಡಿ ಎಫ್/8 ಇಟ್ಟರೆ ಎಲ್ಲಾ ಮಂಕು, ವಿವರ ಮಸುಕು. ಎಫ್/3.2ರಲ್ಲಿ ಚೆನ್ನಾಗಿ ಬರುತ್ತೆ. ಲೆನ್ಸ್ ಹೋಗಿದೆಯಾ? ಅನುಭವ ಇದ್ದೋರು ತಿಳಿಸ್ರಿ.

ಕೊಪ್ಪಳ: ಲೆನ್ಸಿಗೆ ಏನೂ ಆಗಿಲ್ಲ, ರಿಪೇರಿಗೆ ದುಡ್ಡು ಹಾಕಬ್ಯಾಡ್ರಿ. ಇದು ಡಿಫ್ರ್ಯಾಕ್ಷನ್. ಕಿರಿದಾದ ತೂತಿನಲ್ಲಿ ಹಾಯುವಾಗ ಬೆಳಕು ಹರಡಿಕೊಳ್ಳುತ್ತೆ, ಚುಕ್ಕೆ ಹೋಗಿ ಬಿಲ್ಲೆ ಆಗುತ್ತೆ. ಹಸಿರು ಬೆಳಕಿಗೆ ಎಫ್ ಸಂಖ್ಯೆಯನ್ನು 1.34ರಿಂದ ಗುಣಿಸಿದರೆ ಬಿಲ್ಲೆಯ ವ್ಯಾಸ ಮೈಕ್ರಾನ್‌ನಲ್ಲಿ ಸಿಗುತ್ತೆ. ಎಫ್/2.8ಕ್ಕೆ 3.8, ಎಫ್/8ಕ್ಕೆ 10.7. ನಿಮ್ಮ ಪಿಕ್ಸೆಲ್ ಸುಮಾರು 1.3 ಮೈಕ್ರಾನ್, ಅಂದರೆ ಎಫ್/8ರಲ್ಲಿ ಒಂದು ಚುಕ್ಕೆ ಎಂಟು ಪಿಕ್ಸೆಲ್ ಅಗಲ. ಲ್ಯಾಂಡ್‌ಸ್ಕೇಪಿಗೆ ಎಫ್/8, ಎಫ್/11 ಅನ್ನೋ ಸಲಹೆ ದೊಡ್ಡ ಸೆನ್ಸರಿನೋರದು. ಫುಲ್‌ಫ್ರೇಮ್ (35 ಎಂಎಂ ಫಿಲ್ಮಿನಷ್ಟು ದೊಡ್ಡ) ಸೆನ್ಸರಿನ ಕರ್ಣ ನಿಮ್ಮದಕ್ಕಿಂತ 5.6 ಪಟ್ಟು, ಅದರಿಂದ ಗುಣಿಸಿ ನೋಡ್ರಿ: ನಿಮ್ಮ ಎಫ್/8 ಅಂದ್ರೆ ಫುಲ್‌ಫ್ರೇಮಿನ ಎಫ್/45. ಅಲ್ಲಿಗೆ ಯಾರು ಹೋಗ್ತಾರೆ?

ಬಳ್ಳಾರಿ: ಅಷ್ಟು ಮುಚ್ಚೋ ಅಗತ್ಯವೂ ಇಲ್ಲ. ಜೂಮ್ ಎಳೆಯದೆ ವೈಡ್‌ನಲ್ಲಿ ನಿಮ್ಮ ಲೆನ್ಸಿನ ನಿಜವಾದ ಫೋಕಲ್ ಲೆಂತ್ ನಾಲ್ಕೂಚಿಲ್ಲರೆ ಎಂಎಂ. ಎಫ್/2.8ರಲ್ಲೇ 1.3 ಮೀಟರಿಗೆ ಫೋಕಸ್ ಮಾಡಿದರೆ ಮುಕ್ಕಾಲು ಮೀಟರಿಂದ ಹಿಡಿದು ದೂರದ ಬೆಟ್ಟದವರೆಗೂ ಸ್ಪಷ್ಟ. 1 ಇಂಚು ಸೆನ್ಸರ್ ಇದ್ದೋರು ಎಫ್/4 ಇಟ್ಟು 1.8 ಮೀಟರಿಗೆ ಫೋಕಸ್ ಮಾಡ್ರಿ, ಮೂಲೆಗಳು ಸುಧಾರಿಸೋದು ಬೇಕಂದ್ರೆ ಎಫ್/5.6. ಅದರಾಚೆ ನಷ್ಟವೇ.

ನಿಜವಾದ ತೊಂದರೆ ನಮ್ಮ ಬಿಸಿಲು. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 100, ಎಫ್/2.8 ಇದ್ದರೆ ನಡುಹಗಲಲ್ಲಿ ಶಟರ್ 1/3200 ಬೇಕು, ಬಹಳಷ್ಟು ಸಣ್ಣ ಕ್ಯಾಮೆರಾಗಳು 1/2000ಕ್ಕೆ ನಿಲ್ಲುತ್ತವೆ. ಆಗ ಆಟೊ ಮೋಡ್ ತಾನಾಗೇ ಅಪರ್ಚರ್ ಮುಚ್ಚುತ್ತೆ, ಕೆಲವು ಸಲ ಎಫ್/8ರವರೆಗೂ. ಎ ಮೋಡ್‌ಗೆ (ಅಪರ್ಚರ್ ನಾವೇ ಆರಿಸೋದು) ಹಾಕಿ ಎಫ್/3.2 ಅಥವಾ ಎಫ್/4ಕ್ಕೆ ಕಟ್ಟಿಹಾಕ್ರಿ. ಎಲೆಕ್ಟ್ರಾನಿಕ್ ಶಟರ್ ಇದ್ದರೆ ಬಳಸ್ರಿ, ಇಲ್ಲವೇ ಎನ್‌ಡಿ8 ಫಿಲ್ಟರ್ (ಬೆಳಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸೋ ಕಪ್ಪು ಗಾಜು).

ರಾಯಚೂರು: ಒಂದು ತಿದ್ದುಪಡಿ. ಪಿಕ್ಸೆಲ್ ಜಾಸ್ತಿ ಆದರೆ ಡಿಫ್ರ್ಯಾಕ್ಷನ್ ಜಾಸ್ತಿ ಅಂತ ಯಾರೂ ತಿಳೀಬಾರದು. ಬಿಲ್ಲೆ ಅಷ್ಟೇ ಇರುತ್ತೆ, 100 ಪರ್ಸೆಂಟಿಗೆ ಹಿಗ್ಗಿಸಿದಾಗ ಎದ್ದು ಕಾಣುತ್ತೆ ಅಷ್ಟೇ. ಅದೇ ಅಳತೆಯ ಪ್ರಿಂಟಲ್ಲಿ 12 ಮೆಗಾಪಿಕ್ಸೆಲ್‌ಗಿಂತ 16 ಕೆಟ್ಟದಾಗಲ್ಲ.

ಪೂರ್ತಿ ಜೂಮ್ ಬೇರೆ ಕಥೆ. ದರೋಜಿಯಲ್ಲಿ ಕರಡಿ ತೆಗೆಯೋಕೆ ಜೂಮ್ ಎಳೆದರೆ ಅಪರ್ಚರ್ ಪೂರ್ತಿ ತೆರೆದರೂ ಎಫ್/6ರ ಆಸುಪಾಸು, ಅಲ್ಲೇ ಡಿಫ್ರ್ಯಾಕ್ಷನ್ ಶುರುವಾಗಿರುತ್ತೆ. ಇನ್ನೂ ಮುಚ್ಚಬ್ಯಾಡ್ರಿ. ಬಂಡೆ ಕಾದ ಮೇಲೆ ಗಾಳಿ ನಡುಗಿ ಬರೋ ಮಸುಕಿಗೂ ಅಪರ್ಚರನ್ನೇ ಬೈಯೋರಿದ್ದಾರೆ. ಎರಡು ಫ್ರೇಮ್ ಹೋಲಿಸ್ರಿ: ಅಂಚು ಒಂದೊಂದರಲ್ಲಿ ಒಂದೊಂದು ಥರ ಸೊಟ್ಟಗಿದ್ದರೆ ಅದು ಬಿಸಿಗಾಳಿ. ಡಿಫ್ರ್ಯಾಕ್ಷನ್ ಮಸುಕು ಎರಡರಲ್ಲೂ ಒಂದೇ, ಮಧ್ಯಕ್ಕೂ ಮೂಲೆಗೂ ಒಂದೇ.

ಗಂಗಾವತಿ: ಹಂಗಾದ್ರೆ ತುಂಗಭದ್ರೆಯ ನೀರು ಹಾಲಿನಂಗೆ ಹರಿಯೋದನ್ನ ತೆಗೆಯೋಕಾದ್ರೂ ಎಫ್/8 ಬೇಕಲ್ರೀ?

ಬಳ್ಳಾರಿ: ಲೆಕ್ಕ ಹಾಕ್ರಿ. ಬಿಸಿಲಲ್ಲಿ ಎಫ್/4ಕ್ಕೆ 1/1600 ಇದ್ದರೆ ಎಫ್/8ಕ್ಕೆ 1/400. ನೀರು ಆಗಲೂ ಹೆಪ್ಪುಗಟ್ಟಿದಂಗೇ. ಎಫ್/4ರಲ್ಲೇ ಎನ್‌ಡಿ64 ಹಾಕಿದರೆ 1/25, ಸಂಜೆಗೆ ಇನ್ನೂ ನಿಧಾನ. ಟ್ರೈಪಾಡ್ ಬೇಕೇ ಬೇಕು. ಎಫ್/8 ಇಡೋಕೆ ನಂಗೆ ಕಾಣೋ ಒಂದೇ ಕಾರಣ, ಸೂರ್ಯನಿಗೆ ನಕ್ಷತ್ರದ ಕಿರಣ ಬರಬೇಕು ಅನ್ನೋದು.

ಕೊಪ್ಪಳ: ಯಾರ ಮಾತೂ ನಂಬದೆ ಪರೀಕ್ಷೆ ಮಾಡ್ರಿ. ಗೋಡೆಗೆ ದಿನಪತ್ರಿಕೆ ಅಂಟಿಸಿ, ಟ್ರೈಪಾಡ್, 2 ಸೆಕೆಂಡ್ ಟೈಮರ್, ಸ್ಟೆಬಿಲೈಸೇಶನ್ ಆಫ್, ಐಎಸ್‌ಒ ಕನಿಷ್ಠ. ಎಫ್/2.8ರಿಂದ 8ರವರೆಗೆ ಒಂದೊಂದೇ ಮೆಟ್ಟಿಲು ತೆಗೆದು ಮಧ್ಯದ ಅಕ್ಷರ, ಮೂಲೆಯ ಅಕ್ಷರ ಎರಡನ್ನೂ ನೋಡ್ರಿ. ಕೆಲವು ಅಗ್ಗದ ಕ್ಯಾಮೆರಾಗಳಲ್ಲಿ ಎರಡೇ ಅಪರ್ಚರ್ ಇದ್ದು, ಎಫ್/8 ಅಂತ ತೋರಿಸಿದಾಗ ಒಳಗೆ ಎನ್‌ಡಿ ಫಿಲ್ಟರ್ ಬಿದ್ದಿರುತ್ತೆ. ಅಂಥದ್ರಲ್ಲಿ ಫೋಟೊ ಮಂಕಾಗಲ್ಲ, ಡೆಪ್ತೂ (ಹತ್ತಿರದಿಂದ ದೂರದವರೆಗಿನ ಸ್ಪಷ್ಟತೆ) ಹೆಚ್ಚಲ್ಲ. ಈಗಾಗಲೇ ತೆಗೆದ ಮಂಕು ಫೋಟೊ ರಾ (ಕ್ಯಾಮೆರಾ ಸಂಸ್ಕರಿಸದ ಮೂಲ) ಫೈಲಲ್ಲಿದ್ದರೆ ಶಾರ್ಪನಿಂಗ್ ರೇಡಿಯಸ್ 1ರ ಹತ್ತಿರ ಇಟ್ಟು ಸ್ವಲ್ಪ ಎತ್ತಬಹುದು. ಎಫ್/5.6ರದ್ದು ಪರವಾಗಿಲ್ಲ ಅನ್ನುವಷ್ಟು ಬರುತ್ತೆ, ಎಫ್/8ರಲ್ಲಿ ಕಳೆದುಹೋದ ಸಣ್ಣ ವಿವರ ಬರಲ್ಲ.